ಒಂದು, ಹಲವು, ಒಗ್ಗಟ್ಟು

ವಿಜಯಾ ಮುಳೆ ಅಂದರೆ ಯಾರು ಅಂತ ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿ ನೋಡಿ, ಒಬ್ಬರೂ ಬಾಯಿ ಬಿಡಲ್ಲ. ‘ಏಕ್ ಅನೇಕ್ ಔರ್ ಏಕ್ತಾ’ ಅಂತ ಹೇಳಿ, ಇಡೀ ಟೇಬಲ್ ರಾಗ ಹಿಡಿಯುತ್ತೆ. ದೂರದರ್ಶನದ ಕಾಲದಲ್ಲಿ ಬೆಳೆದವರಿಗೆಲ್ಲ ಆ ಕಾರ್ಟೂನ್ ಗೊತ್ತು, ಅದರ ನಿರ್ದೇಶಕಿ ಗೊತ್ತಿಲ್ಲ. 2019ರ ಮೇ ತಿಂಗಳಲ್ಲಿ, 98 ತುಂಬಿದ ಮೇಲೆ ಮುಳೆ ತೀರಿಕೊಂಡಾಗ ಎಲ್ಲರೂ ನೆನೆಸಿಕೊಂಡಿದ್ದು ಆ ಏಳು ನಿಮಿಷದ ಚಿತ್ರವನ್ನೇ.

ನನ್ನ ತಕರಾರು ಎರಡು. ಒಂದು, ಅದು ನಾವು ನೆನಪಿಟ್ಟುಕೊಂಡಿರೋದಕ್ಕಿಂತ ಜಾಣ ಚಿತ್ರ, ಹಾಗೇ ನಾವು ಒಪ್ಪಿಕೊಳ್ಳೋದಕ್ಕಿಂತ ದೊಡ್ಡ ಕೊರತೆ ಇರೋ ಚಿತ್ರ. ಎರಡು, ಆ ಕೊರತೆಗೆ ಉತ್ತರ ಅವರದೇ ವೃತ್ತಿಯಲ್ಲಿ, ಮುಂದಿನ ವರ್ಷವೇ ಇತ್ತು. ಅದು ನಡೆದಿದ್ದು ನಮ್ಮ ಕರ್ನಾಟಕದಲ್ಲೂ ಹೌದು. ಅದನ್ನ ನೆನೆಸಿಕೊಳ್ಳೋರು ಮಾತ್ರ ಕಮ್ಮಿ.

ಮೊದಲು ಈಕೆ ಯಾರು ಅಂತ ನೋಡೋಣ. ಹುಟ್ಟಿದ್ದು 1921ರಲ್ಲಿ, ಮುಂಬೈಯಲ್ಲಿ. ಮದುವೆಯಾಗಿ ಪಟ್ನಾಕ್ಕೆ ಹೋದರು, ಅಲ್ಲೇ ಓದು ಮುಂದುವರಿಸಿದರು. 1946ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಶಿಕ್ಷಣಶಾಸ್ತ್ರ ಓದೋಕೆ ಹೋದರು. ಸಿನಿಮಾ ಹುಚ್ಚು ಹತ್ತಿದ್ದು ಅಲ್ಲಿನ ಫಿಲ್ಮ್ ಸೊಸೈಟಿಯಲ್ಲಿ. ವಾಪಸ್ ಬಂದು ಪಟ್ನಾದಲ್ಲಿ, ಆಮೇಲೆ ದೆಹಲಿಯಲ್ಲಿ ಫಿಲ್ಮ್ ಸೊಸೈಟಿ ಕಟ್ಟೋದಕ್ಕೆ ಕೈ ಜೋಡಿಸಿದರು. 1959ರಲ್ಲಿ ಈ ಸೊಸೈಟಿಗಳೆಲ್ಲ ಸೇರಿ ಒಕ್ಕೂಟ ಆದಾಗ ಅದರ ಅಧ್ಯಕ್ಷರು ಸತ್ಯಜಿತ್ ರಾಯ್, ಜಂಟಿ ಕಾರ್ಯದರ್ಶಿ ವಿಜಯಾ ಮುಳೆ. ಹೊಟ್ಟೆಪಾಡಿಗೆ ಕೇಂದ್ರ ಸರ್ಕಾರದ ಶಿಕ್ಷಣಾಧಿಕಾರಿ. ನಡುವೆ ಒಂದಷ್ಟು ವರ್ಷ ಸೆನ್ಸಾರ್ ಮಂಡಳಿಯಲ್ಲೂ ಕೆಲಸ ಮಾಡಿದರು. ‘ಲಗಾನ್’ನಲ್ಲಿ ಆಮಿರ್ ಖಾನ್ ಅಮ್ಮನ ಪಾತ್ರ ಮಾಡಿದ ಸುಹಾಸಿನಿ ಮುಳೆ ಇವರ ಮಗಳು.

ತಾವೇ ಚಿತ್ರ ಮಾಡೋಕೆ ಶುರು ಮಾಡಿದಾಗ ಅವರ ವಯಸ್ಸು 45 ದಾಟಿತ್ತು. ‘ದಿ ಟೈಡಲ್ ಬೋರ್’ ಅನ್ನೋ ಸಾಕ್ಷ್ಯಚಿತ್ರ ಹೂಗ್ಲಿ ನದಿಯ ಬಗ್ಗೆ. ಸಮುದ್ರದ ಭರತ ಜೋರಾಗಿದ್ದಾಗ ನೀರು ಗೋಡೆ ಥರ ಎದ್ದು ನದಿಯ ಹರಿವಿಗೆ ಎದುರಾಗಿ ಮೇಲಕ್ಕೆ ನುಗ್ಗುತ್ತಲ್ಲ, ಅದೇ ಅದರ ವಸ್ತು. ನದಿ ಹಿಂದಕ್ಕೆ ಹರಿಯೋದನ್ನ ಕಂಡವರು ಯಾರೇ ಆದರೂ ಮೊದಲು ಕೇಳೋದು "ಯಾಕೆ?" ಅಂತ. ಇಂಥ ವಸ್ತು ಆರಿಸಿಕೊಳ್ಳೋಕೆ ಮೇಷ್ಟರ ಕಣ್ಣು ಬೇಕು. ‘ಏಕ್ ಅನೇಕ್’ ಮಾಡಿದ್ದೂ ಅದೇ ಮೇಷ್ಟರ ಕಣ್ಣು. ಆಗ ಅವರಿಗೆ 53.

ಈಗ ಆ ಚಿತ್ರಕ್ಕೆ ಬರೋಣ. 1974ರಲ್ಲಿ ಫಿಲ್ಮ್ಸ್ ಡಿವಿಷನ್ನಿಗಾಗಿ ಮಾಡಿದ್ದು. ಆನಿಮೇಷನ್ ಭೀಮ್‌ಸೇನ್ ಅವರದು, ಮುಂದೆ ‘ಘರೌಂದಾ’ ನಿರ್ದೇಶಿಸಿದವರು. ಸಂಗೀತ ವಸಂತ ದೇಸಾಯಿ. ಪುಟ್ಟ ದನಿ ಸಾಧನಾ ಸರ್ಗಮ್ ಅವರದು. ಕನ್ನಡದಲ್ಲೂ ಆಮೇಲೆ ಎಷ್ಟೋ ಹಾಡು ಹಾಡಿದ ಅದೇ ಸಾಧನಾ ಸರ್ಗಮ್, ಆಗಿನ್ನೂ ಮಗು. ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು.

ನೆನಪಲ್ಲಿ ಅದು ದೇಶಭಕ್ತಿ ಗೀತೆ. ಯೂಟ್ಯೂಬಿನಲ್ಲಿ ಹಾಕಿಕೊಂಡು ನೋಡಿದರೆ ಮುಕ್ಕಾಲು ಪಾಲು ಅದು ಹಾಗಿಲ್ಲ. ಒಂದು ಪದದ ಅರ್ಥ ಹೇಳಿಕೊಡೋ ಪಾಠ ಅದು. ತೋಟದಲ್ಲಿ ಮಕ್ಕಳು ಆಡ್ತಿದ್ದಾರೆ. ಚಿಕ್ಕ ಹುಡುಗ ಅಕ್ಕನನ್ನ ಕೇಳ್ತಾನೆ, ‘ಅನೇಕ’ ಅಂದರೆ ಏನು ಅಂತ. ಅಕ್ಕ ಡಿಕ್ಷನರಿ ಅರ್ಥ ಒಪ್ಪಿಸಲ್ಲ. ಸೂರ್ಯ ತೋರಿಸ್ತಾಳೆ, ಅದು ಒಂದು. ಚಂದ್ರ, ಅದೂ ಒಂದು. ಹಾಗಾದರೆ ನಕ್ಷತ್ರ? ಅದೇ ಲೆಕ್ಕ ಹಿಡಿದ ಹುಡುಗ ಅಲ್ಲಿ ಎಡವುತ್ತಾನೆ, ಎಡವಿದ ಜಾಗದಲ್ಲೇ ಅವನಿಗೆ ‘ಅನೇಕ’ ಅರ್ಥ ಆಗುತ್ತೆ. ಆಮೇಲೆ ಅಳಿಲು, ಚಿಟ್ಟೆ, ಹಕ್ಕಿ. ಒಂದೊಂದಾಗಿ ಸೇರಿ ಹಲವಾಗೋದು ಕಣ್ಣಮುಂದೆ ನಡೆಯುತ್ತೆ. ಅಭ್ಯಾಸ ಮುಗಿದ ಮೇಲೇ ಕಥೆ ಬರೋದು: ಬೇಡನ ಬಲೆಗೆ ಬಿದ್ದ ಹಕ್ಕಿಗಳು ಬಲೆ ಸಮೇತ ಹಾರಿಹೋಗಿ, ಇಲಿ ಗೆಳೆಯರ ಹತ್ರ ಬಲೆ ಕಡಿಸಿಕೊಳ್ಳೋ ಹಳೇ ಕಥೆ.

ಇಲ್ಲಿ ಮುಳೆ ಮಾಡಿದ ಕೆಲಸ ಗಮನಿಸಿ. ಕಥೆ ಮುಗಿದ ಕೂಡಲೇ "ನೀತಿ ಏನೆಂದರೆ" ಅಂತ ಬೋರ್ಡ್ ಹಾಕಬಹುದಿತ್ತು. ಹಾಕಲ್ಲ. ಹುಡುಗನ ಕಣ್ಣು ಮಾವಿನ ಮರದ ಮೇಲೆ ಬೀಳುತ್ತೆ. ಹಾಗಾದರೆ ನಾವೂ ಒಟ್ಟಾದರೆ ಈ ಮರದ ಹಣ್ಣು ಕೀಳಬಹುದಾ ಅಂತ ಕೇಳ್ತಾನೆ. ಕೀಳಬಹುದು, ಆದರೆ ಉಪಾಯ ಬೇಕು ಅಂತಾಳೆ ಅಕ್ಕ. ಮಕ್ಕಳೇ ಸೇರಿ ಉಪಾಯ ಮಾಡಿ ಹಣ್ಣು ಕಿತ್ತುಕೊಳ್ತಾರೆ. ಕಲಿತಿದ್ದನ್ನ ಹೊಸ ಜಾಗದಲ್ಲಿ ತಾನೇ ಬಳಸಿ ನೋಡಿದಾಗ ಕಲಿಕೆ ಪೂರ್ತಿ ಆಯ್ತು ಅಂತ ಬಿ.ಎಡ್. ಪುಸ್ತಕಗಳು ಪುಟಗಟ್ಟಲೆ ಹೇಳ್ತವೆ. ಈ ಚಿತ್ರ ಅದನ್ನ ಒಂದು ಮಾವಿನಹಣ್ಣಲ್ಲಿ ಮುಗಿಸುತ್ತೆ. ಮಗುವಿನ ಪ್ರಶ್ನೆಯಿಂದ ಶುರುವಾಗಿ ಮಗುವಿನ ಕೆಲಸದ ತನಕ ಬಂದ ಆರೇಳು ನಿಮಿಷ ಇವು. ಇವತ್ತಿನ ಮಕ್ಕಳ ಚಾನೆಲ್ಲುಗಳಲ್ಲಿ ಇಷ್ಟು ಶಿಸ್ತಿನ ಬರವಣಿಗೆ ನನಗಂತೂ ಅಪರೂಪಕ್ಕೂ ಕಂಡಿಲ್ಲ.

ಕೊರತೆ ಶುರುವಾಗೋದು ಅಲ್ಲಿಂದ ಮುಂದೆ. ಮಾವಿನಮರದಿಂದ ಚಿತ್ರ ಒಂದೇ ನೆಗೆತಕ್ಕೆ ದೇಶಕ್ಕೆ ಹಾರುತ್ತೆ. ಬಣ್ಣ ಬೇರೆ, ವೇಷ ಬೇರೆ, ಭಾಷೆ ಬೇರೆ ಆದರೂ ಈ ದೇಶದವರೆಲ್ಲ ಒಂದೇ ಅನ್ನೋ ಹಾಡು. ರಾಗ ಎಷ್ಟು ಚೆನ್ನಾಗಿದೆ ಅಂದರೆ ಯಾರೂ ಆ ನೆಗೆತ ಗಮನಿಸಲ್ಲ. ಹಕ್ಕಿಗಳು ಒಂದಾಗಿದ್ದು ಯಾಕೆ? ಬಲೆ ಇತ್ತು. ಮಕ್ಕಳು ಒಂದಾಗಿದ್ದು ಯಾಕೆ? ಹಣ್ಣು ಬೇಕಿತ್ತು. ಎರಡೂ ಕಡೆ ಏಕತೆ ಅನ್ನೋದು ಸೇರಿ ಮಾಡೋ ಕೆಲಸ. ಹಾಡಿನಲ್ಲಿ ಅದು ಹುಟ್ಟಿನಿಂದಲೇ ಬಂದ ಗುಣ ಆಗಿಬಿಡುತ್ತೆ. ಅಲ್ಲಿ ಬಲೆಯೂ ಇಲ್ಲ, ಹಣ್ಣೂ ಇಲ್ಲ, ಉಪಾಯವೂ ಇಲ್ಲ. ಅಲ್ಲಿತನಕ ಪ್ರಶ್ನೆ ಕೇಳ್ತಿದ್ದ ಹುಡುಗ ಈಗ ಕೋರಸ್‌ನಲ್ಲಿ ಒಬ್ಬ.

ಇನ್ನೊಂದು ವಿಷಯ. ಬಲೆಗೆ ಬಿದ್ದ ಹಕ್ಕಿಗಳೆಲ್ಲ ಒಂದೇ ಜಾತಿಯವು. ಒಂದೇ ಥರದವರು ಒಂದಾಗೋದು ಅಷ್ಟೇನೂ ಕಷ್ಟ ಅಲ್ಲ. ನಮ್ಮ ದೇಶಕ್ಕೆ ಹೊಂದೋ ಪಾತ್ರ ನಿಜವಾಗಿ ಇಲಿಗಳದು. ಅವಕ್ಕೆ ರೆಕ್ಕೆ ಇಲ್ಲ, ಬಲೆಯಲ್ಲಿ ಅವು ಬಿದ್ದಿಲ್ಲ, ಹಕ್ಕಿಗಳ ಭಾಷೆ ಅವುಗಳದ್ದಲ್ಲ. ಆದರೂ ಹಲ್ಲು ಇದೆ, ಬಂದು ಕಡಿದವು. ಎಲ್ಲ ಒಟ್ಟಿಗೆ ರೆಕ್ಕೆ ಬಡಿದರೂ ಆಗದ ಕೆಲಸ ಬೇರೆ ಥರದವರಿಂದ ಆಯ್ತು. ಬೇರೆಯವರಾಗೇ ಉಳಿದು ನೆರವಾಗೋದು ಹೇಗೆ ಅನ್ನೋ ಪಾಠ ಅಲ್ಲೇ ಇತ್ತು. ಚಿತ್ರ ಇಲಿಗಳನ್ನ ಬೇಗ ದಾಟಿ ಹೋಗುತ್ತೆ.

ಇದಕ್ಕಿಂತ ದೊಡ್ಡ ಕೊರತೆ ಭಾಷೆಯದು. ತೊಂಬತ್ತರ ದಶಕದ ಹಳ್ಳಿಯಲ್ಲಿ, ಇಡೀ ಓಣಿಗೆ ಇದ್ದ ಒಂದು ಟಿವಿ ಮುಂದೆ ಕೂತು ಈ ಚಿತ್ರ ನೋಡಿದವರಲ್ಲಿ ನಾನೂ ಒಬ್ಬ. ಮೇಲೆ ಅಷ್ಟುದ್ದ ಬರೆದೆನಲ್ಲ, ನಕ್ಷತ್ರ, ಪ್ರಶ್ನೆ, ಉಪಾಯ, ಇವೆಲ್ಲ ನಮಗೆ ತಲುಪಿದ್ದು ಗೊಂಬೆಯಾಗಿ ಮತ್ತು ಸದ್ದಾಗಿ. ‘ದೀದಿ’ ಅನ್ನೋದು ಆ ಹುಡುಗಿಯ ಹೆಸರು ಅಂತ ನನ್ನ ಜೊತೆ ಓದ್ತಿದ್ದವನೊಬ್ಬ ಹೈಸ್ಕೂಲ್ ತನಕ ನಂಬಿದ್ದ. ಹಾಡಿನ ಬದಲು ನಮ್ಮದೇ ಅರ್ಥವಿಲ್ಲದ ಒಂದು ಹಾಡು ಓಣಿಯಲ್ಲಿ ಓಡಾಡ್ತಿತ್ತು. ಹಕ್ಕಿ ಬಲೆ ಎತ್ತಿಕೊಂಡು ಹೋಗಿದ್ದು ಎಲ್ಲರಿಗೂ ಗೊತ್ತಾಯ್ತು, ಯಾಕಂದ್ರೆ ಅದು ಕಣ್ಣಿಗೆ ಕಾಣ್ತಿತ್ತು. ಮಗು ಪ್ರಶ್ನೆ ಕೇಳ್ತಿದೆ ಅನ್ನೋದು ಗೊತ್ತಾಗಲಿಲ್ಲ. ಪದದ ಅರ್ಥ ಹೇಳಿಕೊಡೋ ಪಾಠದಲ್ಲಿ ಪದವೇ ಗೊತ್ತಾಗದಿದ್ದರೆ ಏನು ಉಳಿಯುತ್ತೆ? ಕೊನೆಯ ಹಾಡು ಉಳಿಯುತ್ತೆ. ಹಿಂದಿ ಬಾರದ ಮಕ್ಕಳ ಪಾಲಿಗೆ ಈ ಚಿತ್ರ ದೇಶಭಕ್ತಿ ಗೀತೆಯಾಗಿ ಮಾತ್ರ ಉಳಿದಿದ್ದಕ್ಕೆ ಕಾರಣ ಇಷ್ಟೇ. ಭಾಷೆ ಬೇರೆ ಆದರೂ ನಾವೆಲ್ಲ ಒಂದು ಅಂತ ಹೇಳೋ ಚಿತ್ರ, ಟಿವಿಯಲ್ಲಿ ನಮಗೆ ಬಂದಿದ್ದು ಒಂದೇ ಭಾಷೆಯಲ್ಲಿ. 1988ರ ‘ಮಿಲೇ ಸುರ್ ಮೇರಾ ತುಮ್ಹಾರಾ’ದಲ್ಲಿ ಕನ್ನಡಕ್ಕೆ ಒಂದು ಸಾಲಾದರೂ ಸಿಕ್ಕಿತ್ತು.

ಹಾಗಾದರೆ ಮುಳೆಗೆ ಇದು ಗೊತ್ತಿರಲಿಲ್ವಾ? ಅವರ ಮುಂದಿನ ಕೆಲಸ ನೋಡಿದರೆ ಚೆನ್ನಾಗಿ ಗೊತ್ತಿತ್ತು ಅನಿಸುತ್ತೆ. 

ಸೈಟ್ ಅಂದ ಕೂಡಲೇ ಬೆಂಗಳೂರಲ್ಲಿರೋ ನಮಗೆ ನೆನಪಾಗೋದು ಮೂವತ್ತು-ನಲವತ್ತರ ಸೈಟು. ಇದು ಆ ಸೈಟಲ್ಲ. ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್. ನಾಸಾದವರ ಎಟಿಎಸ್-6 ಉಪಗ್ರಹವನ್ನ ಒಂದು ವರ್ಷಕ್ಕೆ ಕಡ ತಗೊಂಡು, 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ ಇಸ್ರೋ ಮತ್ತು ಆಕಾಶವಾಣಿ ಸೇರಿ ನಡೆಸಿದ ಪ್ರಯೋಗ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಉಪಗ್ರಹದಿಂದ ಟಿವಿ. ಕರ್ನಾಟಕದಲ್ಲಿ ಆರಿಸಿಕೊಂಡಿದ್ದು ರಾಯಚೂರು, ಆಗಿನ ಗುಲ್ಬರ್ಗ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನ. ಕೋಳಿಗೂಡಿಗೆ ಹೊಡೆಯೋ ಜಾಲರಿಯಲ್ಲಿ ಮಾಡಿದ ಹತ್ತಡಿ ಡಿಶ್. ಕರೆಂಟ್ ಇಲ್ಲದ ಕಡೆ ಬ್ಯಾಟರಿ. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರ ನವೆಂಬರಿನಲ್ಲಿ. ಅಂದರೆ ರಾಜ್ಯದ ರಾಜಧಾನಿಗಿಂತ ಆರು ವರ್ಷ ಮೊದಲು ರಾಯಚೂರಿನ ಹಳ್ಳಿ ಶಾಲೆಯ ಮಕ್ಕಳು ಟಿವಿ ನೋಡಿದ್ದರು. ಅದೂ ಕನ್ನಡದಲ್ಲಿ.

ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ ಮೀಸಲು, 5ರಿಂದ 12 ವರ್ಷದವರಿಗೆ. ಹಿಂದಿ, ಕನ್ನಡ, ತೆಲುಗು, ಒಡಿಯಾ, ನಾಲ್ಕು ಭಾಷೆಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ ಇಪ್ಪತ್ತೆರಡೂವರೆ ನಿಮಿಷ. ಈ ಮಕ್ಕಳ ಕಾರ್ಯಕ್ರಮಗಳ ಹಿಂದೆ ಇದ್ದ ಸಂಸ್ಥೆಗಳಲ್ಲಿ ಮುಖ್ಯವಾದದ್ದು ದೆಹಲಿಯ ಎನ್‌ಸಿಇಆರ್‌ಟಿಗೆ ಸೇರಿದ ಸೆಂಟರ್ ಫಾರ್ ಎಜುಕೇಷನಲ್ ಟೆಕ್ನಾಲಜಿ. ಅದರ ಮುಂದಾಳತ್ವ ವಿಜಯಾ ಮುಳೆ ಅವರದು. ರಾಷ್ಟ್ರ ಪ್ರಶಸ್ತಿ ಬಂದ ಮೇಲೆ ಇನ್ನೊಂದು ಚಿತ್ರ, ಮತ್ತೊಂದು ಪ್ರಶಸ್ತಿ ಅಂತ ಹೋಗಬಹುದಿತ್ತು. ಅವರು ಹೋಗಿದ್ದು ಹಳ್ಳಿ ಮಗುವಿಗೆ ದಿನಾ ಏನು ತೋರಿಸೋದು ಅನ್ನೋ ಕೆಲಸಕ್ಕೆ. ಅದರಲ್ಲಿ ಟೈಟಲ್ ಕಾರ್ಡಿನ ಹೆಸರೂ ಹೆಚ್ಚು ದಿನ ಉಳಿಯಲ್ಲ.

ನಮ್ಮ ಕಸುಬಿನವರಿಗೆ ಇಷ್ಟ ಆಗೋ ಒಂದು ವಿಷಯ ಹೇಳ್ತೀನಿ. ಆ ಉಪಗ್ರಹದ ವ್ಯವಸ್ಥೆಯಲ್ಲಿ ಚಿತ್ರಕ್ಕೆ ಒಂದು ಚಾನೆಲ್, ಧ್ವನಿಗೆ ಎರಡು. ಅಂದರೆ ಒಂದೇ ಚಿತ್ರವನ್ನ ಒಂದೇ ಹೊತ್ತಿಗೆ ಎರಡು ಭಾಷೆಯಲ್ಲಿ ಕೇಳಿಸೋ ಅನುಕೂಲ ಮೊದಲ ದಿನದಿಂದಲೇ ಇತ್ತು. ಭಾಷೆ ಅನ್ನೋದು ಡಿಸೈನಿನಲ್ಲೇ ಇತ್ತು, ಆಮೇಲೆ ಅಂಟಿಸಿದ್ದಲ್ಲ. ನಮ್ಮ ಆಫೀಸುಗಳಲ್ಲಿ ಲೋಕಲೈಸೇಷನ್ ಅಂದರೆ ಗೊತ್ತಲ್ಲ? ಕೊನೆಯ ಸ್ಪ್ರಿಂಟಿನಲ್ಲಿ ಸ್ಟ್ರಿಂಗ್ ಫೈಲ್ ಯಾರಿಗೋ ಕಳಿಸೋದು, ಬಂದ ಅನುವಾದ ಬಟನ್ನಿನಲ್ಲಿ ಹಿಡಿಸದೆ ಅರ್ಧಕ್ಕೆ ಕತ್ತರಿಸಿ ಹೋಗೋದು, "ಯೂಸರ್ಸ್ ಇಂಗ್ಲಿಷಲ್ಲೇ ಬಳಸ್ತಾರೆ ಬಿಡಿ" ಅಂತ ಟಿಕೆಟ್ ಮುಚ್ಚೋದು.

ಇನ್ನೊಂದು ವಿಷಯ, ಪರೀಕ್ಷೆಯದು. ಕಾರ್ಯಕ್ರಮ ಜನರಿಗೆ ಹೇಗೆ ತಟ್ತಿದೆ ಅಂತ ನೋಡೋಕೆ ಮಾನವಶಾಸ್ತ್ರಜ್ಞರು ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ಉಳಿದುಕೊಂಡರು. ಮೇಷ್ಟ್ರುಗಳನ್ನೂ ಬಿಡಲಿಲ್ಲ. ರಜೆಯಲ್ಲಿ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಟಿವಿ, ರೇಡಿಯೊ, ಪುಸ್ತಕ ಎಲ್ಲ ಸೇರಿಸಿ ತರಬೇತಿ ಕೊಟ್ಟರು. ಟಿವಿ ಎಷ್ಟೇ ಚೆನ್ನಾಗಿರಲಿ, ಅದು ಆಫ್ ಆದ ಮೇಲೆ ಮಗುವಿನ ಮುಂದೆ ಉಳಿಯೋದು ಮೇಷ್ಟ್ರೇ ಅನ್ನೋ ಅರಿವು ಅದು. ಲೀಡ್ಸಿನಲ್ಲಿ ಶಿಕ್ಷಣ ಓದಿ, ಫಿಲ್ಮ್ ಸೊಸೈಟಿಯಲ್ಲಿ ನೋಡುಗರನ್ನ ಕಟ್ಟಿ, ಆಮೇಲೆ ಕ್ಯಾಮೆರಾ ಹಿಡಿದವರಿಗೆ ಈ ಕೆಲಸ ಹೇಳಿ ಮಾಡಿಸಿದಂತಿತ್ತು. ಚಿತ್ರ ಮಾಡೋದರ ಜೊತೆಗೆ ನೋಡುಗರನ್ನೂ ಅಣಿ ಮಾಡಬೇಕು ಅನ್ನೋದು ಅವರು ಪಟ್ನಾದ ದಿನಗಳಿಂದ ಮಾಡಿಕೊಂಡು ಬಂದ ಕೆಲಸ.

ಹಾಗಂತ ಸೈಟ್‌ಗೆ ಹಾರ ಹಾಕಿ ಕೂರಿಸೋದೂ ಬೇಡ. ಅದು ಶುರುವಾಗಿದ್ದು ತುರ್ತು ಪರಿಸ್ಥಿತಿ ಬಂದ ಐದೇ ವಾರಕ್ಕೆ. ಟಿವಿ ಪೂರ್ತಿ ಸರ್ಕಾರದ ಕೈಯಲ್ಲಿತ್ತು. ಕನ್ನಡ ಕಾರ್ಯಕ್ರಮಗಳ ನಿರ್ಮಾಣ ಕೇಂದ್ರ ಇದ್ದಿದ್ದು ಹೈದರಾಬಾದಿನಲ್ಲಿ, ನೋಡ್ತಿದ್ದ ಮಗು ಮಾತ್ರ ರಾಯಚೂರು ಕಡೆಯ ಕನ್ನಡ ಆಡೋದು. ಫಲಿತಾಂಶವೂ ಮಹಾ ಪವಾಡವೇನಲ್ಲ. ಶಾಲೆಗೆ ಬರೋ ಮಕ್ಕಳ ಸಂಖ್ಯೆಯಲ್ಲಿ ಹೇಳಿಕೊಳ್ಳೋವಂಥ ಬದಲಾವಣೆ ಕಾಣಲಿಲ್ಲ. ಆದರೆ ಟಿವಿ ನೋಡಿದ ಮಕ್ಕಳ ಮಾತು ಬೆಳೆದಿತ್ತು, ಪಾಠದ ಪುಸ್ತಕದ ಆಚೆಗೂ ತಿಳಿದುಕೊಳ್ಳೋ ಆಸೆ ಹೆಚ್ಚಿತ್ತು. ಇದು ಸಣ್ಣ ಲಾಭ ಅನಿಸಬಹುದು. ಮಕ್ಕಳ ಕಾರ್ಯಕ್ರಮಕ್ಕೆ ಇದಕ್ಕಿಂತ ದೊಡ್ಡ ಲಾಭ ಇನ್ನೇನಿದೆ ಅಂತ ನನಗೆ ಗೊತ್ತಿಲ್ಲ. ಮಾತು ಬೆಳೆದಿದ್ದು ಯಾಕೆ ಅಂದರೆ ಮಾತು ಅರ್ಥ ಆಗ್ತಿತ್ತು.

ವರ್ಷ ಮುಗೀತು, ಉಪಗ್ರಹ ಅದರ ಒಡೆಯರಿಗೆ ವಾಪಸ್ ಹೋಯ್ತು. ಆಮೇಲೆ ದೇಶಕ್ಕೆ ಬಣ್ಣದ ಟಿವಿ ಬಂತು, ದೆಹಲಿಯಿಂದ ಎಲ್ಲರಿಗೂ ಒಂದೇ ಕಾರ್ಯಕ್ರಮ ಬಂತು, ಅದರ ಜೊತೆ ನಮ್ಮ ಓಣಿಗೆ ‘ಏಕ್ ಅನೇಕ್’ ಬಂತು. ಒಬ್ಬರದೇ ಎರಡು ಕೆಲಸ. ಒಂದು ಹಿಂದಿಯಲ್ಲಿತ್ತು, ರಾಗ ಇತ್ತು, ರೀಲಿನಲ್ಲಿ ಭದ್ರವಾಗಿತ್ತು. ಇನ್ನೊಂದು ಕನ್ನಡದಲ್ಲಿತ್ತು, ದಿನನಿತ್ಯದ್ದಾಗಿತ್ತು, ಗಾಳಿಯಲ್ಲಿ ಹೋಯ್ತು. ಯಾವುದು ಉಳಿಯಿತು ಅಂತ ನೋಡಿ ಯಾವುದು ದೊಡ್ಡದು ಅಂತ ತೀರ್ಮಾನ ಮಾಡೋದು ವಿಮರ್ಶೆ ಅಲ್ಲ.

ಇದನ್ನೆಲ್ಲ ಈಗ ಯಾಕೆ ಬರೀತಿದ್ದೀನಿ ಅಂದರೆ, ಕನ್ನಡದಲ್ಲಿ ಡಬ್ಬಿಂಗ್ ಬೇಕಾ ಬೇಡ್ವಾ ಅಂತ ನಾವು ವರ್ಷಗಟ್ಟಲೆ ಜಗಳ ಆಡಿದೆವು. ಬೇಡ ಅಂದವರು ನಮ್ಮ ಕಲಾವಿದರ ಅನ್ನದ ಮಾತಾಡಿದರು. ಬೇಕು ಅಂದವರು ನೋಡುಗನ ಹಕ್ಕಿನ ಮಾತಾಡಿದರು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶವೂ ಬಂತು, ಈಗ ಡಬ್ಬಿಂಗ್ ಮಾಮೂಲಿ. ನಾನು ಬೇಕು ಅನ್ನೋ ಕಡೆಯವನೇ. ಆದರೆ ಆ ಜಗಳದಲ್ಲಿ ಎರಡೂ ಕಡೆಯವರು ಮಕ್ಕಳ ಹೆಸರು ಹೇಳಿದ್ದು ವಾದಕ್ಕೆ ಬೇಕಾದಷ್ಟು ಮಾತ್ರ. 

‘ಏಕ್ ಅನೇಕ್’ ಅನ್ನೇ ತಗೊಳ್ಳಿ. ಇದನ್ನ ಕನ್ನಡಕ್ಕೆ ಡಬ್ ಮಾಡಿದರೆ ಸಾಕಾ? ಏಕ, ಅನೇಕ, ಏಕತೆ ಮೂರೂ ಕನ್ನಡದಲ್ಲೂ ಇರೋ ಪದಗಳೇ, ತುಟಿಗೂ ಹೊಂದುತ್ತೆ. ಆದರೆ ಆರು ವರ್ಷದ ಕನ್ನಡದ ಮಗು ಅಳಿಲು ಎಣಿಸೋದು ‘ಏಕ’ ಅಂತಲ್ಲ, ‘ಒಂದು’ ಅಂತ. ಅದರ ‘ಅನೇಕ’ ಏನಿದ್ದರೂ ‘ಹಲವು’, ‘ಬಾಳ’, ‘ಸುಮಾರು’, ‘ರಾಶಿ’, ಊರಿಗೊಂದು ಪದ. ಏಕತೆಗೆ ನಮ್ಮಲ್ಲಿ ‘ಒಗ್ಗಟ್ಟು’ ಇದೆ. ಆ ಪದದೊಳಗೆ ಒಂದು ಅನ್ನೋದೂ ಇದೆ, ಕಟ್ಟು ಅನ್ನೋದೂ ಇದೆ. ಹಿಂದಿಯ ಪಾಠ ನಿಂತಿರೋದು ‘ಏಕ’ದಿಂದ ‘ಅನೇಕ’ ಹುಟ್ಟೋ ಚಮತ್ಕಾರದ ಮೇಲೆ. ಕನ್ನಡದ ಪಾಠ ನಿಲ್ಲಬೇಕಾದ್ದು ‘ಕಟ್ಟು’ ಅನ್ನೋ ಕೆಲಸದ ಮೇಲೆ. ಬಿಡಿ ಸೌದೆಯನ್ನ ಹೊರೆ ಕಟ್ಟೋದು ನೋಡಿದ ಮಗುವಿಗೆ ಒಗ್ಗಟ್ಟು ಅಂದರೇನು ಅಂತ ಹಾಡಿ ಹೇಳಬೇಕಾಗಿಲ್ಲ. ಹೀಗೆ ಮಾಡಿದ್ದರೆ ಮುಳೆ ಚಿತ್ರದ ಕೊನೆಯ ನೆಗೆತವೂ ಬೇಕಾಗ್ತಿರಲಿಲ್ಲ, ಯಾಕಂದರೆ ಒಗ್ಗಟ್ಟು ಯಾರೋ ಕಟ್ಟಬೇಕಾದ್ದು ಅಂತ ಪದವೇ ಹೇಳುತ್ತೆ. ಡಬ್ಬಿಂಗಿನಿಂದ ಧ್ವನಿ ಬದಲಾಗುತ್ತೆ, ಪಾಠವನ್ನ ಮಾತ್ರ ಮೊದಲಿಂದ ಬರೀಬೇಕು.

ಇವತ್ತು ಊರಿಗೆ ಹೋದರೆ ನಾಲ್ಕು ವರ್ಷದ ಮಕ್ಕಳ ಕೈಯಲ್ಲೂ ಫೋನ್ ಇದೆ. ಅದರಲ್ಲಿ ಓಡೋದು ಇಂಗ್ಲಿಷ್ ರೈಮ್ಸು, ಹಿಂದಿ ಕಾರ್ಟೂನು, ಇಲ್ಲಾ ತುಟಿಗೆ ಹೊಂದದ ಕನ್ನಡ. ಕನ್ನಡದ ಮಕ್ಕಳಿಗೆ ಅಂತಲೇ ಒಂದು ಟಿವಿ ಚಾನೆಲ್ ಶುರುವಾಗಿದ್ದು 2009ರಲ್ಲಿ, ಚಿಂಟು ಟಿವಿ. ಅದೂ ಬಹುಪಾಲು ಡಬ್ ಆದ ಸರಣಿಗಳ ಮೇಲೇ ನಡೀತು. 1975ರಲ್ಲಿ ಸಾಲ ತಂದ ಉಪಗ್ರಹ, ಕೋಳಿ ಜಾಲರಿಯ ಡಿಶ್ ಇಟ್ಟುಕೊಂಡು ಕನ್ನಡದ ಮಗುವಿಗೆ ದಿನಕ್ಕೆ ಇಪ್ಪತ್ತೆರಡು ನಿಮಿಷ ಕೊಟ್ಟಿದ್ದರು. ಈಗ ಉಪಗ್ರಹ ನಮ್ಮದು, ಕೋಡ್ ಬರೆಯೋರು ನಾವೇ, ದುಡ್ಡು ಹಾಕೋರು ಇದೇ ಊರಲ್ಲಿ ಕಾಫಿ ಕುಡೀತಾ ಕೂತಿರ್ತಾರೆ. ಆ ಇಪ್ಪತ್ತೆರಡು ನಿಮಿಷಕ್ಕೆ ಮಾತ್ರ ಯಾರ ಕ್ಯಾಲೆಂಡರಿನಲ್ಲೂ ಜಾಗ ಇಲ್ಲ.

ಮುಳೆ ತೊಂಬತ್ತರ ಅಂಚಿನಲ್ಲಿ, 2010ರಲ್ಲಿ, ಇಪ್ಪತ್ತನೇ ಶತಮಾನದ ವಿದೇಶಿ ಸಿನಿಮಾಗಳು ಭಾರತವನ್ನ ಹೇಗೆ ತೋರಿಸಿದವು ಅಂತ ಒಂದು ದಪ್ಪ ಪುಸ್ತಕ ತಂದರು. ಬೇರೆಯವರ ಕಣ್ಣಲ್ಲಿ ನಾವು ಹೇಗೆ ಕಾಣ್ತೀವಿ ಅನ್ನೋದು ಅದರ ಪ್ರಶ್ನೆ. ಅದೇ ಪ್ರಶ್ನೆಯನ್ನ ಸ್ವಲ್ಪ ತಿರುಗಿಸಿ ಅವರ ಮಕ್ಕಳ ಚಿತ್ರಗಳಿಗೂ ಕೇಳಬಹುದು: ಪರದೆಯ ಆ ಕಡೆ ಕೂತ ಮಗು ಇವರಿಗೆ ಹೇಗೆ ಕಂಡಿತ್ತು? 1974ರಲ್ಲಿ ಆ ಮಗು ಹಿಂದಿ ಆಡ್ತಿತ್ತು. 1975ರಲ್ಲಿ ಅದೇ ಮಗು ನಾಲ್ಕು ಭಾಷೆ ಆಡೋಕೆ ಶುರು ಮಾಡಿತು. ಒಂದೇ ವರ್ಷದಲ್ಲಿ ಒಬ್ಬ ನಿರ್ದೇಶಕಿ ಇಷ್ಟು ದೂರ ನಡೆದಿದ್ದು ಸಾಮಾನ್ಯ ಅಲ್ಲ.

ಯೂಟ್ಯೂಬಿನಲ್ಲಿ ಆ ಏಳು ನಿಮಿಷ ಇದೆ, ಮನೆಯಲ್ಲಿ ಮಕ್ಕಳಿದ್ದರೆ ಪಕ್ಕ ಕೂರಿಸಿಕೊಂಡು ನೋಡಿ. ಧ್ವನಿ ತೆಗೆದುಬಿಟ್ಟು ಕಥೆಯನ್ನ ನಿಮ್ಮ ಊರಿನ ಕನ್ನಡದಲ್ಲಿ ನೀವೇ ಹೇಳಿ. ನಕ್ಷತ್ರದ ಹತ್ರ ಮಗು ಎಡವುತ್ತಾ ನೋಡಿ. ಇಲಿಗಳು ಬಂದಾಗ ಸ್ವಲ್ಪ ಹೊತ್ತು ನಿಲ್ಲಿಸಿ.